ಸಮುದ್ರಕ್ಕೆ ಎಂಟು, ಮೊಳೆಗೆ ಒಂದು

ಗಂಗಣ್ಣ ಸಮುದ್ರ ನೋಡಿದವನಲ್ಲ. ಅರವತ್ತಾರು ವರ್ಷದಲ್ಲಿ ಅವನು ಕಂಡ ಅತಿ ದೊಡ್ಡ ನೀರೆಂದರೆ ಕೋಡಿ ಬಿದ್ದ ಗುಂಡಮಗೆರೆ ಕೆರೆ. ಆದರೂ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಮಲ್ಪೆಗೋ ಮುರ್ಡೇಶ್ವರಕ್ಕೋ ಹೋಗಿ ದೋಣಿಯಲ್ಲಿ ಮೀನು ಹಿಡಿಯುವ ಆಸೆ ಯಾರಿಗೇ ಹುಟ್ಟಲಿ, ಅವರು ಮೊದಲು ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಅವನ ಅಂಗಡಿಗೆ ಬರಬೇಕು, ಸ್ಟೂಲಿನ ಮೇಲೆ ಕೂರಬೇಕು, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು, ಕೊನೆಗೆ ಅವನು ಆರಿಸಿದ ಗಾಳವನ್ನೇ ತೆಗೆದುಕೊಂಡು ಹೋಗಬೇಕು. ಬೇರೆ ಬೇಕೆಂದು ಹಟ ಹಿಡಿದವರಿಗೆ ಅವನು ಮುಖ ತಿರುಗಿಸಿ, ಬಲೆ ಹೊಲಿಯುವ ದಾರವನ್ನು ಉಂಡೆ ಸುತ್ತುತ್ತಾ ಕೂತುಬಿಡುತ್ತಿದ್ದ.

ಸಮುದ್ರ ಕಾಣದವನಿಗೆ ಈ ವಿದ್ಯೆ ಬಂದದ್ದು ಒಂದು ಬಿಸ್ಕತ್ತಿನ ಡಬ್ಬಿಯಿಂದ. ಹೋಗಿ ಬಂದವರು ತಾವು ಬಳಸಿದ ಗಾಳವೊಂದನ್ನು ತಂದು ಅವನ ಕೈಗಿಡಬೇಕೆನ್ನುವುದು ಆ ಅಂಗಡಿಯ ಕರಾರು. ತುಕ್ಕು ತಿಂದದ್ದು, ಬಾಗಿ ನೆಟ್ಟಗಾದದ್ದು, ಮೊನೆ ಮುರಿದದ್ದು, ಮೀನಿನ ಹಲ್ಲು ಗೀರಿದ್ದು ಎಲ್ಲವೂ ಆ ಡಬ್ಬಿಯಲ್ಲಿದ್ದವು. ಎಷ್ಟು ಮಾರು ಆಳ, ಕೆಳಗೆ ಬಂಡೆಯೋ ಮರಳೋ, ಎರೆಯಾಗಿ ಚುಚ್ಚಿದ್ದು ಬಂಗುಡೆಯೋ ಸಿಗಡಿಯೋ, ಗಾಳ ಸಿಕ್ಕಿದ್ದು ತುಟಿಗೋ ಗಂಟಲಿಗೋ ಎಂದು ಅವನು ಒಬ್ಬೊಬ್ಬರನ್ನೂ ವಿಚಾರಿಸಿ, ಗಾಳವನ್ನು ಬೆಳಕಿಗೆ ಹಿಡಿದು ನೋಡಿ, ಡಬ್ಬಿಗೆ ಹಾಕುತ್ತಿದ್ದ. ಇಪ್ಪತ್ತು ವರ್ಷ ಹೀಗೆ ಮಾಡಿದ ಮೇಲೆ ಸಮುದ್ರದ ತಳದ ಕತೆ ಅವನಿಗೆ ಅಂಗೈಯಲ್ಲೇ ಸಿಗತೊಡಗಿತ್ತು.

ಕಳೆದ ಅಕ್ಟೋಬರಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಮಾತಿಗೆ ತೊಂದರೆಯಾಗಲಿಲ್ಲ, ಕಾಲು ಒಂದು ತಿಂಗಳಲ್ಲಿ ಸರಿಹೋಯಿತು. ಎಡಗೈ ಬೆರಳುಗಳ ತುದಿ ಮಾತ್ರ ಮರಗಟ್ಟಿಹೋದವು. ಗಾಳ ಕಟ್ಟುವವನಿಗೆ ಬೆರಳ ತುದಿ ಹೋದರೆ ಇನ್ನೇನು ಉಳಿಯಿತು? ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಲಕ್ಕಮ್ಮ ಮುದ್ದೆ ಮುರಿದು ಬಾಯಿಗಿಟ್ಟರೆ ತಿನ್ನುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಆಮೇಲೆ ಎದ್ದು ಓಡಾಡಿದರೂ ದಾರ ಮುಟ್ಟಲಿಲ್ಲ. ಕೆಲಸವಿಲ್ಲದೆ ಬಿಟ್ಟರೆ ಕೈಯಷ್ಟೇ ಅಲ್ಲ, ಮನುಷ್ಯನೇ ಒಣಗಿಹೋಗುತ್ತಾನೆ ಎಂದು ಡಾಕ್ಟರು ಹೇಳಿದ್ದು ಮಗಳು ಸಿಂಧುವಿನ ಎದೆಯಲ್ಲಿ ನೆಟ್ಟುಕೊಂಡಿತ್ತು. ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು, ಕೆರೆಯ ಚಿಕ್ಕ ಗಾಳಗಳನ್ನೂ ಅವಳೇ ಕಟ್ಟುತ್ತಿದ್ದಳು. ಆದರೆ ಆ ಗೋಡೆ ಕಡೆ ತಿರುಗಿದ ಬೆನ್ನನ್ನು ಇನ್ನೊಮ್ಮೆ ನೋಡುವ ಶಕ್ತಿ ಅವಳಿಗಿರಲಿಲ್ಲ.

ಆದ್ದರಿಂದಲೇ ಮೇ ತಿಂಗಳ ಕೊನೆಯ ಗುರುವಾರ ಕೆಂಪರಾಜು ಬಂದು ಸ್ಟೂಲಿನ ಮೇಲೆ ಕೂತಾಗ ಅವಳಿಗೆ ದೇವರೇ ಬಂದು ಕೂತಷ್ಟು ಸಂತೋಷವಾಯಿತು. ಕೆಂಪರಾಜು ದೇವನಹಳ್ಳಿಯವನು, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವವನು, ನಾಗರಕೆರೆಯಲ್ಲಿ ಹದಿನೈದು ವರ್ಷದಿಂದ ಗಾಳ ಹಾಕುತ್ತಿದ್ದವನು. ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆಳೆಯುವ ಮುಂಚಿನ ಕೊನೆಯ ಭಾನುವಾರ ಮೂವರು ಗೆಳೆಯರ ಜೊತೆ ಮಲ್ಪೆಯಿಂದ ದೋಣಿ ಗೊತ್ತುಮಾಡಿಕೊಂಡಿದ್ದ. ಹೋದ ವರ್ಷ ಯಾರೋ ಕೊಟ್ಟ ಗಾಳ ಹಿಡಿದು ಹೋಗಿ, ದೊಡ್ಡ ಮೀನೊಂದನ್ನು ದೋಣಿಯ ಪಕ್ಕದವರೆಗೆ ತಂದು ಕಳೆದುಕೊಂಡಿದ್ದನಂತೆ. ಆ ಸಂಕಟ ಅವನಿಗೆ ಇನ್ನೂ ಆರಿರಲಿಲ್ಲ. ಗಾಳ, ಗುಂಡು ಸೇರಿಸಿ ಕಟ್ಟಿದ ಸೆಟ್ಟು ಎಂಟು ಬೇಕು, ಗಂಗಣ್ಣನೇ ಕಟ್ಟಬೇಕು, ಬೇರೆ ಯಾರು ಕಟ್ಟಿದರೂ ಬೇಡ ಎಂದ.

ಆ ಮಾತಿಗೆ ಗಂಗಣ್ಣ ಹಿಂದಿನ ಕೋಣೆಯಿಂದ ಎದ್ದು ಬಂದ. ಪಂಚೆ ಸರಿಮಾಡಿಕೊಂಡು ಕೂತು ಕೇಳತೊಡಗಿದ. ಮೂವತ್ತು ಮಾರು ಆಳ, ಕೆಳಗೆ ಬಂಡೆ, ಬಂಗುಡೆಯ ತುಂಡು ಚುಚ್ಚುವುದು, ಬಂಡೆ ಸಂದಿಯ ಮುರು ಮೀನು ಸಿಗಬಹುದೆಂದು ದೋಣಿಯವನು ಹೇಳಿದ್ದಾನೆ. ಕೆಂಪರಾಜು ಮೊಬೈಲಿನಲ್ಲಿ ನೋಡಿ ಬಂದಿದ್ದ ಉದ್ದ ಕತ್ತಿನ ದೊಡ್ಡ ಗಾಳ ಬೇಕೆಂದ, ಅದಕ್ಕೆ ಉಕ್ಕಿನ ತಂತಿಯೂ ಬೇಕೆಂದ. ಗಂಗಣ್ಣ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಿಸ್ಕತ್ತಿನ ಡಬ್ಬಿ ತೆಗೆದು, ಬಲಗೈಯಲ್ಲಿ ಕೆದಕಿ, ಮೊನೆ ಒಳಕ್ಕೆ ತಿರುಗಿದ ದುಂಡನೆಯ ಗಾಳವೊಂದನ್ನು ಎತ್ತಿಟ್ಟ. ಅದು ಸರ್ಕಲ್ ಹುಕ್ಕು. ನೋಡಿದರೆ ಮೀನಿಗೆ ಚುಚ್ಚುವುದೇ ಇಲ್ಲವೇನೋ ಅನ್ನಿಸುವ ಆಕಾರ.

"ಇದು ತಾನೇ ಸಿಕ್ಕಾಕ್ಕೊಳ್ಳೋ ಗಾಳ ಕಣಪ್ಪ. ಮೀನು ನುಂಗಿ ತಿರುಗ್ತಿದ್ದಂಗೆ ದವಡೆ ಮೂಲೇಲಿ ಕೂರ್ತೈತೆ. ನೀನು ಕೆರೇಲಿ ಎಳ್ದಂಗೆ ಜರ್ ಅಂತ ಎಳೆದ್ಯೋ, ಬಾಯಿಂದ ಆಚೆ ಬಂದ್ಬಿಡ್ತೈತೆ. ಎಳೀಬ್ಯಾಡ. ಭಾರ ಬೀಳೋಗಂಟ ಕಾಯಿ, ಆಮೇಲೆ ಸುಮ್ನೆ ಸುತ್ತು."

ಕೆಂಪರಾಜುವಿಗೆ ನಂಬಿಕೆ ಬರಲಿಲ್ಲ. ಹದಿನೈದು ವರ್ಷ ಬೆಂಡು ಅಲುಗಿದ ಕೂಡಲೇ ಎಳೆದ ಕೈ ಅದು. ಆದರೂ ತಲೆಯಾಡಿಸಿದ. ನಂಬರಿಗೂ ಗಂಗಣ್ಣ ಹೊತ್ತು ತೆಗೆದುಕೊಂಡ. ಕೆರೆಯ ಗಾಳದಲ್ಲಿ ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು, ಪಕ್ಕದಲ್ಲಿ ಸೊನ್ನೆ ಬಿದ್ದ ಸಮುದ್ರದ ಗಾಳದಲ್ಲಿ ಲೆಕ್ಕ ಉಲ್ಟಾ. ಐದು ಸೊನ್ನೆಯದು ಮುರುವಿನ ಬಾಯಿಗೆ ಸಣ್ಣದಾಯಿತು, ಒಂಬತ್ತು ಸೊನ್ನೆಯದಕ್ಕೆ ಬಂಗುಡೆ ತುಂಡು ಸಾಲದು ಎಂದು ಅಳೆದು, ಏಳು ಸೊನ್ನೆಯದನ್ನು ಎತ್ತಿಟ್ಟ. ಉಪ್ಪುನೀರಿಗೆ ತಡೆಯುವ ತವರದ ಲೇಪ ಇದೆಯೇ ಎಂದು ಉಗುರಿನಿಂದ ಕೆರೆದು ನೋಡಿದ. ತಂತಿ ಬೇಡ, ಎಂಬತ್ತು ಪೌಂಡಿನ ನೈಲಾನು ಸಾಕು. ಉದ್ದ ಎಳೆಯ ಬುಡಕ್ಕೆ ಸೀಸದ ಗುಂಡು, ಗುಂಡಿನಿಂದ ಗೇಣು ಮೇಲೆ ಒಂದು ಕವಲು, ಅದರ ಮೇಲೆ ಮೊಳ ದೂರದಲ್ಲಿ ಇನ್ನೊಂದು, ಕವಲಿನ ತುದಿಗೆ ಗಾಳ. ಗುಂಡನ್ನು ಮಾತ್ರ ತೆಳು ಎಳೆಯಲ್ಲಿ ಕಟ್ಟಬೇಕು, ಬಂಡೆಗೆ ಸಿಕ್ಕಿಕೊಂಡರೆ ಗುಂಡು ಹೋಗಲಿ, ಮೀನು ಹೋಗಬಾರದು. ಇಷ್ಟನ್ನೂ ಒಂದೇ ಒಂದು ಸಲವೂ ತಡವರಿಸದೆ ಹೇಳಿದ ಅಪ್ಪನನ್ನು ನೋಡುತ್ತಾ ಸಿಂಧುವಿಗೆ ಕಣ್ಣು ತುಂಬಿ, ಪೇಟೆಯ ಕಡೆ ನೋಡುವಂತಾಯಿತು.

ಎರಡು ದಿನ ಗಂಗಣ್ಣ ಬಾಗಿಲ ಬೆಳಕಿಗೆ ಕೂತು ಕಟ್ಟಿದ. ಗುರುವಾರ ರಾತ್ರಿ ಎರಡು ಮುದ್ದೆ ಉಂಡ. ಶುಕ್ರವಾರ ಲಕ್ಕಮ್ಮನನ್ನು ಸಾರಿಗೆ ಉಪ್ಪು ಸಾಲದೆಂದು ಬೈದ, ಅವಳು ಬೈಸಿಕೊಂಡು ನಗುನಗುತ್ತಾ ಒಳಗೆ ಹೋದಳು. ಸಿಂಧು ದೂರದಿಂದಲೇ ನೋಡುತ್ತಿದ್ದಳು, ಹತ್ತಿರ ಹೋಗಲಿಲ್ಲ. ಹತ್ತಿರ ಹೋದರೆ ಪರೀಕ್ಷೆ ಮಾಡಲು ಬಂದಂತಾಗುತ್ತದೆ ಎಂದು ಅವಳ ಸಂಕೋಚ.

ಆ ಅಂಗಡಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು, ಎರಡನ್ನೂ ಮಾಡಿದವನು ಗಂಗಣ್ಣನೇ. ಒಬ್ಬರು ಕಟ್ಟಿದ್ದನ್ನು ಡಬ್ಬಕ್ಕೆ ಹಾಕುವ ಮುಂಚೆ ಇನ್ನೊಬ್ಬರು ಬಾಗಿಲ ಕೊಂಡಿಗೆ ಸಿಕ್ಕಿಸಿ ಜಗ್ಗಿ ನೋಡಬೇಕು, ಇದು ಮೊದಲನೆಯದು. ಗಿರಾಕಿ ಎಷ್ಟು ಕೇಳಿದರೂ ಒಂದು ಹೆಚ್ಚಿಗೆ ಕಟ್ಟಿ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ನೇತುಹಾಕಬೇಕು, ಇದು ಎರಡನೆಯದು. ನಾಳೆ ಯಾರಾದರೂ ದೂರು ತಂದರೆ ಆ ಸಾಕ್ಷಿಯನ್ನು ಇಳಿಸಿ ನೋಡಬಹುದಲ್ಲ. ಶನಿವಾರ ಬೆಳಿಗ್ಗೆ ಗಂಗಣ್ಣ ಒಂಬತ್ತು ಸೆಟ್ಟು ಮುಗಿಸಿ, ಒಂದನ್ನು ಮೊಳೆಗೆ ಹಾಕಿ, ಎಂಟನ್ನು ಮಗಳ ಮುಂದಿಟ್ಟ. ಸಿಂಧು ಜಗ್ಗಲಿಲ್ಲ. ಅಪ್ಪ ಎದುರಿಗೇ ನಿಂತಿದ್ದ, ಮುಖದಲ್ಲಿ ಎಂಟು ತಿಂಗಳಿಂದ ಕಾಣದ ಕಳೆಯಿತ್ತು. ಹಾಗೆಯೇ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಹನ್ನೊಂದು ಗಂಟೆಗೆ ಕೆಂಪರಾಜು ಬಂದು ತೆಗೆದುಕೊಂಡು ಹೋದ.

ಹನ್ನೆರಡೂವರೆಗೆ ಗಂಗಣ್ಣ ಉಂಡು ಮಲಗಿದ. ಸಿಂಧು ಗಲ್ಲಾದಲ್ಲಿ ಕೂತಿದ್ದವಳು ಸುಮ್ಮನೆ, ನಿಜಕ್ಕೂ ಸುಮ್ಮನೆ, ಆಸೆಪಟ್ಟು ನೋಡೋಣವೆಂದು ಮೊಳೆಯಿಂದ ಒಂಬತ್ತನೆಯದನ್ನು ಇಳಿಸಿದಳು. ಗಾಳದ ಕಣ್ಣಿನ ಗಂಟು ಸರಿಯಾಗಿಯೇ ಇತ್ತು. ಕವಲು ಕೂಡುವ ಜಾಗದ ಗಂಟು ಚಿಕ್ಕದಾಗಿ, ಚೊಕ್ಕವಾಗಿತ್ತು, ತುದಿಯೇ ಕಾಣದಂತೆ ಕತ್ತರಿಸಿದ್ದ. ವಿಪರೀತ ಚೊಕ್ಕ. ಅವಳು ಅದನ್ನು ಕೊಂಡಿಗೆ ಸಿಕ್ಕಿಸಿ, ಕೈಗೆ ಟವೆಲ್ ಸುತ್ತಿಕೊಂಡು ಜಗ್ಗಿದಳು. ಮೊದಲು ತಡೆಯಿತು. ಆಮೇಲೆ ಸದ್ದೇ ಇಲ್ಲದೆ ಜಾರಿ, ಕವಲು ಗಾಳದ ಸಮೇತ ಅವಳ ಕೈಗೆ ಬಂತು. ಎರಡನೆಯ ಕವಲನ್ನು ಜಗ್ಗಿದಳು, ಅದೂ ಬಂತು.

ಏನಾಗಿದೆ ಎಂಬುದು ಅವಳಿಗೆ ತಿಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಂಗಡಿ ಇಡುವ ಮುಂಚೆ ಗಂಗಣ್ಣ ಮಗ್ಗದ ಮನೆಯಲ್ಲಿ ದುಡಿದವನು. ಒಂಬತ್ತನೇ ವಯಸ್ಸಿನಿಂದ ಮೂವತ್ತೈದು ವರ್ಷ ತುಂಡಾದ ರೇಷ್ಮೆ ಎಳೆಗಳನ್ನು ಕೂಡಿಸಿದ ಬೆರಳು ಅವನವು. ಮಗ್ಗದ ಗಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಬೇಕು, ಹಣಿಗೆಯ ಹಲ್ಲಿಗೆ ತಾಗದೆ ದಾಟಲು ತುದಿಯನ್ನು ಬುಡಕ್ಕೇ ಕತ್ತರಿಸಬೇಕು. ರೇಷ್ಮೆಗೆ ಅದು ಸರಿ. ನುಣುಪಾದ ದಪ್ಪ ನೈಲಾನಿನಲ್ಲಿ ಅದು ನಿಲ್ಲದು. ಅದಕ್ಕೆಂದೇ ಅವನು ಆಮೇಲೆ ಆರು ಸುತ್ತಿನ ಗಂಟು ಕಲಿತು, ಇಪ್ಪತ್ತು ವರ್ಷ ಅದನ್ನೇ ಹಾಕಿ ಹೆಸರು ಮಾಡಿದ್ದ. ಈಗ ಮರಗಟ್ಟಿದ ಬೆರಳು ಆಮೇಲೆ ಕಲಿತದ್ದನ್ನು ಮರೆತು, ಮೊದಲು ಕಲಿತದ್ದಕ್ಕೆ ಹೋಗಿಬಿಟ್ಟಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಎಂಟು ಸೆಟ್ಟು, ಹದಿನಾರು ಕವಲು, ಎಲ್ಲ ಮಲ್ಪೆಗೆ ಹೊರಟಿವೆ. ನಾಳೆ ಬೆಳಿಗ್ಗೆ ಮೊದಲ ದೊಡ್ಡ ಮೀನಿಗೇ ಜಾರುತ್ತವೆ, ಎರಡನೆಯದಕ್ಕೂ ಜಾರುತ್ತವೆ. ಕೆಂಪರಾಜು ಕೆಟ್ಟವನಲ್ಲ, ಆದರೆ ಬಾಯಿ ನಿಲ್ಲದವನು. ಸೋಮವಾರ ಇದೇ ಸ್ಟೂಲಿನ ಮೇಲೆ ಕೂತು, ಗಂಗಣ್ಣನ ಮುಂದೆ, ಗಂಟು ಬಿಚ್ಚಿಕೊಂಡಿತು ಎಂದು ಹೇಳುತ್ತಾನೆ. ಅಪ್ಪ ಮತ್ತೆ ಗೋಡೆಯ ಕಡೆ ತಿರುಗುತ್ತಾನೆ, ಇನ್ನು ಈಚೆಗೆ ತಿರುಗುವುದಿಲ್ಲ. ಜಗ್ಗಿ ನೋಡದೆ ಕೊಟ್ಟದ್ದು ತಾನು. ಪ್ರೀತಿಯ ಹೆಸರಿನಲ್ಲಿ ಮಾಡಿದ ಸೋಮಾರಿತನ ಅದು ಎಂದು ಅವಳು ತನ್ನನ್ನೇ ಬೈದುಕೊಂಡಳು.

ಫೋನು ಮಾಡಿದಳು. ಕೆಂಪರಾಜು ಎತ್ತಲಿಲ್ಲ. ಗಾಡಿ ಓಡಿಸುತ್ತಿರಬೇಕು. ನೆಲಮಂಗಲದಲ್ಲಿ ಊಟ ಮುಗಿಸಿ, ಅಲ್ಲಿ ಗೋಡೌನಿನಲ್ಲಿ ಕೆಲಸ ಮಾಡುವ ಗೆಳೆಯನ ಶಿಫ್ಟು ಮುಗಿದ ಮೇಲೆ ಎರಡೂವರೆಗೆ ಹೊರಡುವುದಾಗಿ ಹೇಳಿದ್ದು ಅವಳಿಗೆ ನೆನಪಿತ್ತು. ನೈಲಾನಿನ ಉರುಳೆ, ಅಪ್ಪ ಆರಿಸಿದ್ದ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಏಳು ಸೊನ್ನೆ ಗಾಳಗಳು, ಗುಂಡುಗಳು, ಒಂದು ತುಂಡು ಥರ್ಮೋಕೋಲು, ಕತ್ತರಿ ಎಲ್ಲವನ್ನೂ ಚೀಲಕ್ಕೆ ತುರುಕಿದಳು. ಬಿಚ್ಚಿಹೋದ ಒಂಬತ್ತನೆಯದನ್ನೂ ಮುದುರಿ ಒಳಗೆ ಹಾಕಿದಳು. ಅಮ್ಮನಿಗೆ ನೆಲಮಂಗಲದ ಟ್ರಾನ್ಸ್‌ಪೋರ್ಟಿಗೆ ಪಾರ್ಸಲ್ಲು ಬಂದಿದೆ, ತರುತ್ತೇನೆ ಎಂದಳು. ಲಕ್ಕಮ್ಮ ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಊಟ ಮಾಡಿ ಹೋಗು ಎಂದಷ್ಟೇ ಹೇಳಿದಳು. ಸಿಂಧು ಅಷ್ಟರಲ್ಲಿ ಮೆಟ್ಟಿಲಿಳಿದಿದ್ದಳು.

ಅವತ್ತು ಶನಿವಾರ ಎಂಬುದು ಬಸ್ಸು ಹತ್ತಿದ ಮೇಲೆಯೇ ಅವಳಿಗೆ ಹೊಳೆದದ್ದು. ಮಧುರೆಯ ಶನಿಮಹಾತ್ಮನ ಗುಡಿಗೆ ಹೋಗುವವರು ಎಳ್ಳೆಣ್ಣೆ ಬಾಟಲು ಹಿಡಿದು ಬಾಗಿಲವರೆಗೆ ತುಂಬಿದ್ದರು. ಹೇಗೋ ಕಿಟಕಿಯ ಪಕ್ಕ ಅರ್ಧ ಸೀಟು ಸಿಕ್ಕಿತು. ಅವಳು ಥರ್ಮೋಕೋಲನ್ನು ತೊಡೆಯ ಮೇಲಿಟ್ಟು ಗಾಳಗಳನ್ನು ಅದಕ್ಕೆ ಚುಚ್ಚಿ, ನೈಲಾನಿನ ತುದಿಯನ್ನು ಮುಂದಿನ ಸೀಟಿನ ಕಂಬಿಗೆ ಬಿಗಿದು, ಕಟ್ಟತೊಡಗಿದಳು. ಕವಲನ್ನು ಎಳೆಗೆ ಸೇರಿಸಿ ಆರು ಸುತ್ತು, ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನವಾಗಿ ಬಿಗಿ, ತುದಿ ಕತ್ತರಿಸುವಾಗ ಅಕ್ಕಿಕಾಳಿನಷ್ಟು ಉಳಿಸು. ಈ ಅಕ್ಕಿಕಾಳಿಗಾಗಿ ಚಿಕ್ಕಂದಿನಿಂದ ಅವಳು ಅಪ್ಪನ ಹತ್ತಿರ ಬೈಸಿಕೊಂಡಿದ್ದಳು. ಗಂಟಿಗೆ ಬಾಲ ಬಿಡಬಾರದು, ನೋಡಿದವರು ನಗುತ್ತಾರೆ ಅನ್ನುತ್ತಿದ್ದ. ಅವಳಿಗೆ ಬುಡಕ್ಕೆ ಕತ್ತರಿಸಲು ಯಾವತ್ತೂ ಧೈರ್ಯ ಬಂದಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಆ ಮೊನೆಗಳನ್ನು ನೋಡಿ ಸೆರಗು ಎಳೆದುಕೊಂಡು ಸರಿದು ಕೂತಳು. ಶನಿದೇವರಿಗೆ ಇಂಥದ್ದೂ ಹರಕೆ ಇದೆಯಾ ಎಂದು ಕೇಳಿದಳು. ಸಿಂಧು ತಲೆಯೆತ್ತದೆ ಹೂಂ ಅಂದಳು. ಬಸ್ಸು ಹಳ್ಳಕ್ಕೆ ಬಿದ್ದಾಗ ಗಾಳವೊಂದು ಹೆಬ್ಬೆರಳಿಗೆ ಹೊಕ್ಕಿತು, ಸದ್ಯ ಮೊನೆಯ ಹಿಂದಿನ ಮುಳ್ಳು ಒಳಸೇರುವಷ್ಟು ಆಳಕ್ಕೆ ಹೋಗಲಿಲ್ಲ. ರಕ್ತವನ್ನು ಚೂಡಿದಾರಕ್ಕೆ ಒರೆಸಿಕೊಂಡು ಮುಂದಿನದನ್ನು ಹಿಡಿದಳು. ಒಂದೊಂದು ಮುಗಿದ ಕೂಡಲೇ ಕಂಬಿಗೆ ಸಿಕ್ಕಿಸಿ ಮೈಭಾರ ಬಿಟ್ಟು ಜಗ್ಗಿದಳು. ಮುಂದಿನ ಸೀಟಿನವನು ತಿರುಗಿ ತಿರುಗಿ ನೋಡಿ ಕೊನೆಗೆ ಎದ್ದು ನಿಂತುಕೊಂಡ.

ಮಧುರೆಯಲ್ಲಿ ಬಸ್ಸು ನಿಂತುಬಿಟ್ಟಿತು. ಗುಡಿಯ ಮುಂದೆ ಕಾರುಗಳು ಅಡ್ಡಾದಿಡ್ಡಿ, ಆ ಕಡೆಯಿಂದ ಒಂದು ಟ್ರಾಕ್ಟರು. ಒಂದೂಮುಕ್ಕಾಲು ಆಗಿತ್ತು. ಆರು ಸೆಟ್ಟು ಮುಗಿದಿದ್ದವು. ಕೆಂಪರಾಜುವಿಗೆ ನಾಲ್ಕನೇ ಸಲ ಫೋನು ಮಾಡಿದಳು, ಎತ್ತಲಿಲ್ಲ. ಅವರು ಬೇಗ ಹೊರಟುಬಿಟ್ಟಿದ್ದರೆ? ಗೆಳೆಯನ ಶಿಫ್ಟು ಬೇಗ ಮುಗಿದಿದ್ದರೆ? ಕುಣಿಗಲ್ ರಸ್ತೆ ಹಿಡಿದ ಗಾಡಿಯನ್ನು ಅವಳು ಯಾವ ಬಸ್ಸಿನಲ್ಲಿ ಅಟ್ಟಿಸಿಕೊಂಡು ಹೋಗಬೇಕು? ಏಳನೆಯದರ ಸುತ್ತು ಎರಡು ಸಲ ಲೆಕ್ಕ ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು. ಎಂಟನೆಯದನ್ನು ಜಗ್ಗುತ್ತಿದ್ದಾಗ ಬಸ್ಸು ಅಲುಗಿತು, ಫೋನೂ ಬಂತು. ಮೊಬೈಲು ಚಾರ್ಜಿಗೆ ಹಾಕಿದ್ದೆ ಅಕ್ಕ, ಹೈವೇ ಪಕ್ಕ ಊಟ ಮಾಡ್ತಾ ಇದ್ದೀವಿ ಎಂದ ಕೆಂಪರಾಜು. ಯಾವ ಹೋಟೆಲೆಂದು ಕೇಳಿಕೊಂಡು, ಅಲ್ಲೇ ಇರಿ ಎಂದು ಹೇಳಿ ಅವಳು ಫೋನಿಟ್ಟಳು.

ಎರಡೂಕಾಲಿಗೆ ಅವಳು ಹೋಟೆಲಿನ ಮುಂದೆ ಇಳಿದಾಗ ನಾಲ್ವರೂ ಗಾಡಿಯ ಹತ್ತಿರ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಸುಳ್ಳನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಅಪ್ಪನಿಗೆ ತಾನು ಕೊಟ್ಟ ನೈಲಾನು ಹಳೆಯದು, ಬಿಸಿಲಿಗೆ ಬೆಂದದ್ದು, ತಪ್ಪು ತನ್ನದು, ಹೊಸದರಲ್ಲಿ ಕಟ್ಟಿಸಿ ತಂದಿದ್ದೇನೆ. ಕೆಂಪರಾಜು ಹಳೇ ಡಬ್ಬ ಕೊಟ್ಟು ಹೊಸ ಕಟ್ಟನ್ನು ಬಿಚ್ಚಿ, ಒಂದು ಸೆಟ್ಟನ್ನು ಎತ್ತಿ ನೋಡಿದ. ಅವನ ಹಣೆಯಲ್ಲಿ ಸಣ್ಣ ಗೆರೆ ಮೂಡಿತು.

"ಗಂಗಣ್ಣನೇ ತಾನೆ ಅಕ್ಕ ಕಟ್ಟಿರೋದು?"

ಸಿಂಧು ಹೆಬ್ಬೆರಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

"ಹೂಂ ಕೆಂಪರಾಜಣ್ಣ. ಅಪ್ಪಾನೇ."

ಗಾಡಿ ಹೊರಟುಹೋಯಿತು. ಲಾರಿಗಳ ಸದ್ದಿನ ನಡುವೆ ನಿಂತಿದ್ದ ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೆರೆಯ ಗಾಳ ಕಟ್ಟಿದ ಕೈ ತನ್ನದು, ಸಮುದ್ರಕ್ಕೆ ಒಂದೂ ಕಟ್ಟಿದ್ದಿಲ್ಲ. ಬಸ್ಸಿನಲ್ಲಿ, ಕುಲುಕಾಟದಲ್ಲಿ ಹಾಕಿದ ಗಂಟುಗಳು ನಾಳೆ ಅಪ್ಪನ ಹೆಸರು ಹೊತ್ತು ನೀರಿಗಿಳಿಯುತ್ತವೆ. ಅವು ಜಾರಿದರೆ ಅಪ್ಪ ಮಾಡದ ತಪ್ಪಿಗೆ ಅಪ್ಪನ ಹೆಸರು ಹೋಗುತ್ತದೆ. ಅದಕ್ಕಿಂತ ಅವನ ಗಂಟುಗಳೇ ಹೋಗಿದ್ದರೆ ವಾಸಿಯಿತ್ತೇನೋ ಎಂದು ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಅನ್ನಿಸತೊಡಗಿತು. ಮನೆಗೆ ಬಂದವಳೇ ಹಳೇ ಡಬ್ಬವನ್ನು ಅಟ್ಟದ ಮೇಲೆ, ಹಗ್ಗದ ಸುರುಳಿಗಳ ಹಿಂದೆ ಬಚ್ಚಿಟ್ಟಳು.

ಭಾನುವಾರ ಅವಳ ಪಾಲಿಗೆ ಮುಗಿಯದ ದಿನ. ದೋಣಿ ಬೆಳಿಗ್ಗೆ ಐದೂವರೆಗೆ ಬಿಡುತ್ತದೆ, ಮಧ್ಯಾಹ್ನಕ್ಕೆ ದಡಕ್ಕೆ ಬರುತ್ತದೆ. ಹತ್ತು ಗಂಟೆಯಿಂದಲೇ ಅವಳು ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗಂಗಣ್ಣ ಅವತ್ತು ಹೊರಗೆ ಬರಲಿಲ್ಲ, ಹಿಂದಿನ ಕೋಣೆಯಲ್ಲೇ ಇದ್ದ. ಬಾಗಿಲ ಸಂದಿಯಿಂದ ನೋಡಿದರೆ ಟವೆಲಿನ ಕೆಳಗೆ ಅವನ ಕೈಗಳು ಅಲುಗುತ್ತಿದ್ದವು. ಆಸ್ಪತ್ರೆಯವರು ಕೊಟ್ಟ ರಬ್ಬರಿನ ಚೆಂಡು ಹಿಸುಕುತ್ತಿದ್ದಾನೆ ಎಂದುಕೊಂಡಳು. ಮಲ್ಪೆಯಿಂದ ಏನಾದರೂ ಸುದ್ದಿ ಬಂತಾ ಎಂದು ಅವನು ಒಂದು ಸಲವೂ ಕೇಳಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಗಿರಾಕಿ ಸಮುದ್ರದಲ್ಲಿದ್ದ ದಿನ ಹತ್ತು ಸಲ ವಿಚಾರಿಸುತ್ತಿದ್ದ ಮನುಷ್ಯ ಅವನು. ಸಂಜೆ ಆರಕ್ಕೆ ಕೆಂಪರಾಜುವಿನ ಮೆಸೇಜು ಬಂತು. ಸೋಮವಾರ ಬರ್ತೀನಿ, ಗಂಗಣ್ಣನ್ನ ನೋಡಬೇಕು ಅಂತ ಅಷ್ಟೇ ಇತ್ತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಅವಳು ಅದನ್ನೇ ಮತ್ತೆ ಮತ್ತೆ ಓದಿದಳು.

ಸೋಮವಾರ ಹನ್ನೊಂದಕ್ಕೆ ಕೆಂಪರಾಜು ಬಂದ. ಕೈಯಲ್ಲೊಂದು ಐಸ್ ಡಬ್ಬ, ಮುಖ ಮೂಗು ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಗಂಗಣ್ಣ ಬಂದು ತನ್ನ ಜಾಗದಲ್ಲಿ ಕೂತ. ಕೆಂಪರಾಜು ಕತೆಯನ್ನು ಬೇಕೆಂದೇ ಎಳೆದು ಎಳೆದು ಹೇಳಿದ. ಮೊದಲು ಎರಡು ಸಲ ಕೈ ತಡೆಯದೆ ಕೆರೆಯಲ್ಲಿ ಎಳೆದಂತೆ ಎಳೆದನಂತೆ, ಎರಡು ಸಲವೂ ಬರೀ ಗಾಳ ಮೇಲೆ ಬಂತಂತೆ. ಮೂರನೆಯ ಸಲ ಎರಡೂ ಕೈಯಲ್ಲಿ ರಾಡು ಅದುಮಿ ಹಿಡಿದು, ಗಂಗಣ್ಣ ಹೇಳಿದ್ದನ್ನು ಜಪ ಮಾಡುತ್ತಾ ಕಾದನಂತೆ. ಭಾರ ಬಿತ್ತು, ಸುತ್ತಿದ. ಮೀನು ಬಂಡೆಗೆ ಹೋಗಿ ಗುಂಡನ್ನು ಸಿಕ್ಕಿಸಿತು, ತೆಳು ಎಳೆ ಕಡಿದು ಗುಂಡು ಹೋಯಿತು, ಮೀನು ಬಂತು. ಹನ್ನೊಂದು ಕೇಜಿ ಮುರು. ಅದರ ಒಂದು ತುಂಡು ಈ ಡಬ್ಬದಲ್ಲಿದೆ. ಹೇಳಿ ಮುಗಿಸಿ, ಕರಾರಿನ ಪ್ರಕಾರ, ಬಳಸಿದ ಗಾಳವನ್ನು ಕವಲು ಗಂಟು ಸಮೇತ ಗಂಗಣ್ಣನ ಅಂಗೈಗಿಟ್ಟ.

"ದವಡೆ ಮೂಲೇಲೇ ಕೂತಿತ್ತು ಗಂಗಣ್ಣ, ನೀನ್ ಹೇಳ್ದಂಗೇ. ಇನ್ನ ಗಂಟು ನೋಡು, ಕೂದಲೆಳೆಯಷ್ಟೂ ಜಾರಿಲ್ಲ. ನಿನ್ ಕೈಗೆ ಏನೂ ಆಗಿಲ್ಲ ಬಿಡು."

ಸಿಂಧು ಅಪ್ಪನ ಕೈಯನ್ನೇ ನೋಡಿದಳು. ಅಪ್ಪನ ಹೆಬ್ಬೆರಳು ಗಾಳದ ಬಾಗನ್ನು ಸವರಿ, ಮೊನೆ ನೋಡಿ, ಕವಲಿನುದ್ದಕ್ಕೂ ಹೋಗಿ, ಗಂಟಿನ ಮೇಲೆ ನಿಂತಿತ್ತು. ಅಲ್ಲಿ ಅಕ್ಕಿಕಾಳಿನಷ್ಟು ಬಾಲವಿತ್ತು. ಅವನ ಹೆಬ್ಬೆರಳು ಆ ಬಾಲವನ್ನು ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಬಾಗಿಸಿತು. ಅವಳು ಗಲ್ಲಾದ ಅಂಚನ್ನು ಹಿಡಿದುಕೊಂಡಳು.

"ಗಾಳ ನಾನ್ ಆರ್ಸಿದ್ದು," ಎಂದ ಗಂಗಣ್ಣ. "ಗಂಟು ನಂದಲ್ಲ ಕಣಪ್ಪ. ನನ್ ಮಗಳ್ದು."

ಕೆಂಪರಾಜು ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದ. ಮೀನಿನ ಡಬ್ಬವನ್ನು ಲಕ್ಕಮ್ಮನ ಕೈಗೆ ಕೊಟ್ಟು, ಮುಂದಿನ ಸಲವೂ ಇಬ್ಬರೂ ಸೇರಿಯೇ ಮಾಡಿಕೊಡಿ ಎಂದು ಹೇಳಿ ಹೊರಟ.

ಅವನು ಹೋದ ಮೇಲೆ ಸಿಂಧು ಏನಾದರೂ ಹೇಳಲು ನೋಡಿದಳು. ಗಂಗಣ್ಣ ಮೊಳೆಯ ಕಡೆ ಕೈ ತೋರಿಸಿದ. ಮೊಳೆ ಖಾಲಿಯಿತ್ತು. ಶನಿವಾರದಿಂದಲೂ ಖಾಲಿಯಿತ್ತು. ಎಂಟು ಸೆಟ್ಟು ಕಟ್ಟಿ, ಜಗ್ಗಿ, ಸುಳ್ಳು ಹೊಂದಿಸಿ, ಡಬ್ಬ ಬಚ್ಚಿಟ್ಟವಳು ಒಂಬತ್ತನೆಯದನ್ನು ಮರೆತೇಬಿಟ್ಟಿದ್ದಳು.

"ಅವತ್ತು ನಿದ್ದೆ ತಿಳಿದು ಎದ್ದು ಬಂದೆ, ಮೊಳೇಲಿ ಇರ್ಲಿಲ್ಲ. ನೀನೂ ಇರ್ಲಿಲ್ಲ. ತಿಳ್ಕೊಂಡೆ," ಎಂದ ಅವನು. ಆಮೇಲೆ ಟವೆಲಿನ ಮಡಿಕೆ ಬಿಚ್ಚಿ ಏನನ್ನೋ ತೆಗೆದು ಗಲ್ಲಾದ ಮೇಲಿಟ್ಟ. ನೈಲಾನಿನ ಒಂದು ಗೋಜಲು. ತುಂಡು ತುಂಡು ಎಳೆಗಳು, ಒಂದೊಂದರಲ್ಲೂ ಒಂದು ಗಂಟು, ಎಲ್ಲವೂ ಚಿಕ್ಕ, ಎಲ್ಲವೂ ಚೊಕ್ಕ, ಒಂದಕ್ಕೂ ಬಾಲವಿಲ್ಲ. ಭಾನುವಾರವೆಲ್ಲ ಟವೆಲಿನ ಕೆಳಗೆ ಅಲುಗುತ್ತಿದ್ದ ಕೈಗಳಲ್ಲಿ ಚೆಂಡು ಇರಲಿಲ್ಲ.

"ಐವತ್ತು ಸಲ ಕಟ್ಟಿರ್ಬೈದು ಕಣವ್ವ. ಮನ್ಸು ಆರು ಸುತ್ತು ಅಂತೈತೆ, ಕೈ ಮಗ್ಗಕ್ಕೆ ಹೋಗ್ತೈತೆ."

ಸಿಂಧು ಅಳುವನ್ನು ತಡೆಯಲು ನೋಡಲಿಲ್ಲ. ಅಳುತ್ತಲೇ ನಿಂತಿದ್ದಳು, ಯಾವ ಕ್ಷಣದಲ್ಲಿ ಅವನು ಎದ್ದು ಆ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡುತ್ತಾನೋ ಎಂದು ಕಾಯುತ್ತಾ. ಗಂಗಣ್ಣ ಏಳಲಿಲ್ಲ. ಕೆಂಪರಾಜು ತಂದ ಗಾಳವನ್ನು ಎಳೆಯಿಂದ ಬಿಡಿಸದೆ ಹಾಗೆಯೇ ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಅಟ್ಟದ ಮೇಲಿರುವುದನ್ನು ಇಳಿಸು, ಹದಿನಾರು ಗಾಳ ಸುಮ್ಮನೆ ಅಲ್ಲಿ ಏಕೆ ಕೂರಬೇಕು ಎಂದ. ಅಟ್ಟದ ವಿಷಯ ಅವನಿಗೆ ಹೇಗೆ ಗೊತ್ತಾಯಿತೆಂದು ಅವಳು ಕೇಳಲಿಲ್ಲ, ಆ ಮನೆಯಲ್ಲಿ ಬಚ್ಚಿಡಲು ಬೇರೆ ಜಾಗವೇ ಇರಲಿಲ್ಲ. ಅವಳು ಡಬ್ಬ ತಂದಿಟ್ಟ ಮೇಲೆ ಅವನು ಬಲಗೈಯಲ್ಲಿ ಗಾಳಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದು, ಮೊನೆಗಳನ್ನು ಉಗುರಿಗೆ ತಾಗಿಸಿ ನೋಡಿ, ಅವುಗಳಲ್ಲಿ ಒಳ್ಳೆಯ ಎರಡನ್ನು ಆರಿಸಿ ಅವಳ ಮುಂದೆ ಸರಿಸಿದ.

"ಮೊಳೆ ಖಾಲಿ ಐತೆ. ಕಟ್ಟು."

ಅವಳು ಮೂಗು ಒರೆಸಿಕೊಂಡು ಕೂತಳು. ಆರು ಸುತ್ತು ಹಾಕಿ, ಎಂಜಲು ಹಚ್ಚಿ, ಬಿಗಿದಳು. ಬಾಗಿಲ ಕೊಂಡಿಗೆ ಸಿಕ್ಕಿಸಿ ಕೊಟ್ಟಾಗ ಗಂಗಣ್ಣ ತಾನೇ ಎಳೆಯನ್ನು ಬಲಗೈಗೆ ಸುತ್ತಿಕೊಂಡು ಜಗ್ಗಿ ನೋಡಿದ. ನಿಂತಿತು. ಅವಳು ಬಾಲ ಕಾಣದಂತೆ ಬುಡಕ್ಕೇ ಕತ್ತರಿಸೋಣವೆಂದು, ಅವನಿಗಾಗಿ ಇದೊಂದು ಸಲ, ಕತ್ತರಿ ಎತ್ತಿದಳು. ಅವನ ಮರಗಟ್ಟಿದ ಎಡಗೈ ಬಂದು ಅವಳ ಮಣಿಕಟ್ಟಿನ ಮೇಲೆ ಕೂತಿತು.

"ಇರ್ಲಿ ಬಿಡು," ಎಂದ.

ಸಿಂಧು ಕತ್ತರಿ ಕೆಳಗಿಟ್ಟು, ಎದ್ದು, ಅದನ್ನು ಮೊಳೆಗೆ ನೇತುಹಾಕಿದಳು.